ದುಡ್ಡಿದ್ದೂ ಸಾಲವಿಲ್ಲ: ಹಣಕಾಸು ಬಿಕ್ಕಟ್ಟಿನ ನಂತರ ಬ್ಯಾಂಕುಗಳ ಕೈ ಬಿಗಿಯಾಗುವುದೇಕೆ

2020ರ ಏಪ್ರಿಲ್ 15ರಂದು ದೇಶದ ಬ್ಯಾಂಕುಗಳೆಲ್ಲ ಸೇರಿ 6.9 ಲಕ್ಷ ಕೋಟಿ ರೂಪಾಯಿಯನ್ನು ರಿವರ್ಸ್ ರೆಪೊದಲ್ಲಿ, ಅಂದರೆ ರಿಸರ್ವ್ ಬ್ಯಾಂಕಿನ ಬಳಿ, ಇಟ್ಟಿದ್ದವು. ಅದಕ್ಕೆ ಸಿಗುತ್ತಿದ್ದ ಬಡ್ಡಿ ಶೇ. 4. ಎರಡು ದಿನಕ್ಕೆ ರಿಸರ್ವ್ ಬ್ಯಾಂಕ್ ಅದನ್ನೂ 3.75ಕ್ಕೆ ಇಳಿಸಿತು, ಮೇ 22ಕ್ಕೆ 3.35ಕ್ಕೆ. ‘ದುಡ್ಡು ನಮ್ಮ ಹತ್ತಿರ ಇಡಬೇಡಿ, ಹೊರಗೆ ಸಾಲ ಕೊಡಿ’ ಎಂದು ಇದಕ್ಕಿಂತ ಬಿಡಿಸಿ ಹೇಳಲಾಗದು. ಆದರೂ ಬ್ಯಾಂಕುಗಳು ಅಲ್ಲೇ ಇಟ್ಟವು. ಅದೇ ದಿನಗಳಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ, ತಾರಿಹಾಳದಲ್ಲಿ, ಗದಗಿನ ಮುದ್ರಣಾಲಯಗಳಲ್ಲಿ ದುಡಿಯುವ ಬಂಡವಾಳಕ್ಕೆ ತತ್ವಾರ.

ಬಿಕ್ಕಟ್ಟು ಬಂದಾಗ ಬ್ಯಾಂಕಿನಲ್ಲಿ ದುಡ್ಡು ಖಾಲಿಯಾಗುತ್ತದೆ, ಅದಕ್ಕೇ ಸಾಲ ನಿಲ್ಲುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಠೇವಣಿದಾರರು ಬಾಗಿಲಲ್ಲಿ ಸಾಲುಗಟ್ಟಿ ನಿಂತ ಮೊದಲ ಕೆಲವು ವಾರಗಳ ಮಟ್ಟಿಗೆ ಅದು ನಿಜ. ಆದರೆ ಸಾಲದ ಬರ ವಾರಗಳಲ್ಲಿ ಮುಗಿಯುವುದಿಲ್ಲ, ವರ್ಷಗಟ್ಟಲೆ ನಡೆಯುತ್ತದೆ. ಅಷ್ಟು ದೀರ್ಘ ಕಾಲ ಬ್ಯಾಂಕನ್ನು ಕಾಡುವುದು ನಗದಿನ ಕೊರತೆಯಲ್ಲ, ಸ್ವಂತ ಬಂಡವಾಳದ ಕೊರತೆ.

ಒಂದು ರೂಪಾಯಿ ಹೋದರೆ ಎಂಟೂವರೆ ರೂಪಾಯಿ ಸಾಲ ಹೋಗುತ್ತದೆ

ಬ್ಯಾಂಕು ಹಂಚುವ ಸಾಲದಲ್ಲಿ ಬಹುಪಾಲು ಠೇವಣಿದಾರರ ದುಡ್ಡು. ಮಾಲೀಕರದ್ದು, ಅಂದರೆ ಷೇರುದಾರರ ಹಣ ಮತ್ತು ಕೂಡಿಟ್ಟ ಲಾಭ, ಸಣ್ಣ ಪಾಲು. ಸಾಲ ಮುಳುಗಿದರೆ ಮೊದಲು ಕರಗಬೇಕಾದದ್ದು ಈ ಪಾಲು, ಠೇವಣಿಯಲ್ಲ. ಅದಕ್ಕಾಗಿಯೇ ಭಾರತದ ವಾಣಿಜ್ಯ ಬ್ಯಾಂಕುಗಳು ಅಪಾಯಕ್ಕೆ ತಕ್ಕಂತೆ ತೂಗಿದ ಸಾಲದ ಮೊತ್ತದ ಶೇ. 9ರಷ್ಟು ಬಂಡವಾಳವನ್ನೂ ಅದರ ಮೇಲೆ ಶೇ. 2.5ರಷ್ಟು ಹೆಚ್ಚುವರಿ ಕಾಪನ್ನೂ ಇಟ್ಟಿರಬೇಕು. ಒಟ್ಟು ಶೇ. 11.5.

ಲೆಕ್ಕಕ್ಕೊಂದು ಬ್ಯಾಂಕ್ ಇಟ್ಟುಕೊಳ್ಳೋಣ. ತೂಗಿದ ಸಾಲ 1,000 ಕೋಟಿ, ಬಂಡವಾಳ 120 ಕೋಟಿ. ಶೇ. 12, ನಿಯಮಕ್ಕಿಂತ ತುಸು ಮೇಲೆ. ಇದರಲ್ಲಿ 40 ಕೋಟಿಯ ಸಾಲಗಳ ಕಂತು 90 ದಿನ ದಾಟಿ ನಿಂತವು, ಎನ್‌ಪಿಎ ಆದವು. ಆ ಕೂಡಲೇ ಕನಿಷ್ಠ ಶೇ. 15, ಅಂದರೆ 6 ಕೋಟಿಯನ್ನು ಲಾಭದಿಂದಲೋ ಬಂಡವಾಳದಿಂದಲೋ ತೆಗೆದು ನಷ್ಟಕ್ಕೆಂದು ಬದಿಗಿಡಬೇಕು. ಬ್ಯಾಂಕಿನವರು ಇದನ್ನು ಪ್ರಾವಿಷನ್ ಅನ್ನುತ್ತಾರೆ. ವರ್ಷ ಕಳೆದರೂ ವಸೂಲಾಗದಿದ್ದರೆ ಆ ಸಾಲ ‘ಸಂಶಯಾಸ್ಪದ’ ವರ್ಗಕ್ಕೆ ಜಾರುತ್ತದೆ. ಆಗ ಅಡಮಾನದ ಬೆಲೆಗೆ ಹೊಂದುವ ಭಾಗಕ್ಕೆ ಶೇ. 25, ಅಡಮಾನ ಮುಟ್ಟದ ಭಾಗಕ್ಕೆ ಪೂರ್ತಿ ನೂರು. ಅಡಮಾನ ಇಟ್ಟ ಜಾಗ, ಯಂತ್ರಗಳ ಈಗಿನ ಬೆಲೆ 20 ಕೋಟಿ ಎಂದಾದರೆ 5 ಮತ್ತು 20 ಸೇರಿ 25 ಕೋಟಿ ಹೋಯಿತು. ಉಳಿದ ಬಂಡವಾಳ 95 ಕೋಟಿ. ಅದನ್ನು ಶೇ. 11.5ರ ಲೆಕ್ಕಕ್ಕೆ ಹಿಡಿದರೆ ಬ್ಯಾಂಕು ಹೊರಬಹುದಾದ ಸಾಲ ಸುಮಾರು 826 ಕೋಟಿ.

ಕೆಟ್ಟದ್ದು 40 ಕೋಟಿ, ಕುಗ್ಗಿದ್ದು 174 ಕೋಟಿ. ಬಂಡವಾಳದ ಒಂದು ರೂಪಾಯಿ ಕರಗಿದರೆ ಎಂಟೂವರೆ ರೂಪಾಯಿಗಿಂತ ಹೆಚ್ಚು ಸಾಲದ ಶಕ್ತಿ ಹೋಗುತ್ತದೆ. ಒಳ್ಳೆಯ ಕಾಲದಲ್ಲಿ ಇದೇ ಗುಣಾಕಾರ ಏರುಮುಖವಾಗಿ ನಡೆಯುತ್ತದೆ, ಆಗ ಯಾರೂ ತಕರಾರು ತೆಗೆಯುವುದಿಲ್ಲ.

ಹಾಗಾದರೆ ಹೊಸ ಷೇರು ಮಾರಿ ಬಂಡವಾಳ ತುಂಬಿಕೊಳ್ಳಬಾರದೇ? ಬಿಕ್ಕಟ್ಟಿನಲ್ಲಿ ಷೇರು ಬೆಲೆ ನೆಲಕಚ್ಚಿರುತ್ತದೆ. ಆಗ ಮಾರಿದರೆ ಹಳೆಯ ಮಾಲೀಕರ ಪಾಲು ಮಣ್ಣುಪಾಲು. ಅದಕ್ಕಿಂತ ಸುಲಭದ ದಾರಿ ಇನ್ನೊಂದಿದೆ: ಸಾಲ ಕೊಡುವುದನ್ನೇ ಕಡಿಮೆ ಮಾಡಿ, ಸರ್ಕಾರಿ ಬಾಂಡ್ ಕೊಳ್ಳುವುದು. ಚಿಕ್ಕ ಉದ್ಯಮದ ಸಾಲಕ್ಕೆ ಸಾಮಾನ್ಯವಾಗಿ ಶೇ. 75ರ ತೂಕ (ಅಂದರೆ ನೂರು ರೂಪಾಯಿ ಸಾಲ ಬಂಡವಾಳದ ಲೆಕ್ಕಕ್ಕೆ 75 ಮಾತ್ರ), ರೇಟಿಂಗ್ ಇಲ್ಲದ ಕಂಪನಿ ಸಾಲಕ್ಕೆ 100 ಅಥವಾ ಹೆಚ್ಚು, ಕೇಂದ್ರ ಸರ್ಕಾರದ ಬಾಂಡಿಗೆ ಸೊನ್ನೆ. ನೂರು ಕೋಟಿಯನ್ನು ಬಾಂಡಿನಲ್ಲಿ ಹಾಕಿದರೆ ಸಾಲ ಮುಳುಗುವ ಭಯಕ್ಕೆಂದು ಒಂದು ಪೈಸೆ ಬಂಡವಾಳವೂ ಕಟ್ಟಿಹೋಗುವುದಿಲ್ಲ. ಬಂಡವಾಳ ಕಳೆದುಕೊಂಡ ಬ್ಯಾಂಕಿನ ಮುಖ್ಯ ಕಚೇರಿಯಲ್ಲಿ ಕೂತವನಿಗೆ ರಾಣೆಬೆನ್ನೂರಿನ ಬೀಜ ವ್ಯಾಪಾರಿಗಿಂತ ಭಾರತ ಸರ್ಕಾರ ಚೆಂದ ಕಾಣುವುದರಲ್ಲಿ ಅಚ್ಚರಿಯೇನಿದೆ?

ಬಂಡವಾಳ ನಿಯಮದ ಗೆರೆಯ ಕೆಳಗೆ ಜಾರಿದರೆ ನಿಯಂತ್ರಕನೇ ಕೈ ಕಟ್ಟುತ್ತಾನೆ. 2015ರ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ದೊಡ್ಡ ಸಾಲಗಳ ಲೆಕ್ಕ ಬಿಚ್ಚಿ ನೋಡಿದಾಗ, ‘ಚೆನ್ನಾಗಿವೆ’ ಎಂದು ತೋರಿಸಿಟ್ಟಿದ್ದ ಎಷ್ಟೋ ಖಾತೆ ಒಳಗೆ ಕೊಳೆತಿದ್ದವು. 2018ರ ಮಾರ್ಚ್ ಹೊತ್ತಿಗೆ ಬ್ಯಾಂಕುಗಳ ಒಟ್ಟು ಎನ್‌ಪಿಎ ಶೇ. 11 ದಾಟಿತ್ತು. 11 ಸರ್ಕಾರಿ ಬ್ಯಾಂಕುಗಳು ‘ತ್ವರಿತ ಸರಿಪಡಿಸುವ ಕ್ರಮ’ದ ಅಡಿ ಬಂದವು, ಅವುಗಳಲ್ಲಿ ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕೂ ಒಂದು. ದೇನಾ ಬ್ಯಾಂಕಿಗಂತೂ 2018ರ ಮೇ ತಿಂಗಳಲ್ಲಿ ಹೊಸ ಸಾಲವನ್ನೇ ಕೊಡಕೂಡದು ಎಂಬ ಆದೇಶ ಬಂತು. ಅಂಥ ಬ್ಯಾಂಕಿನ ಶಾಖೆಗೆ ಹೋದವನ ಕಾಗದಪತ್ರ ಎಷ್ಟೇ ಸರಿಯಿರಲಿ, ಉತ್ತರ ಅವನು ಬಾಗಿಲು ದಾಟುವ ಮೊದಲೇ ನಿಗದಿಯಾಗಿರುತ್ತದೆ.

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ನಡೆಯುವುದು

ಇಲ್ಲಿಯವರೆಗಿನದು ಬ್ಯಾಂಕಿನ ಕಡೆಯ ಲೆಕ್ಕ. ಸಾಲಗಾರನ ಕಡೆಯಿಂದಲೂ ಅಂಥದ್ದೇ ಒಂದು ಯಂತ್ರ ತಿರುಗುತ್ತದೆ. ಅದನ್ನು ಅರಿಯಲು ಸಿಸಿ ಖಾತೆಗಿಂತ, ಅಂದರೆ ದಾಸ್ತಾನಿನ ಆಧಾರದ ಮೇಲೆ ಬೇಕಾದಾಗ ತೆಗೆದು ತುಂಬುವ ಕ್ಯಾಶ್ ಕ್ರೆಡಿಟ್ ಸಾಲಕ್ಕಿಂತ, ಒಳ್ಳೆಯ ಉದಾಹರಣೆಯಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ಅಮರಗೋಳದ ಅಡತಿ ಅಂಗಡಿ, ಹತ್ತಿ ಜಿನ್ನಿಂಗ್ ಮಿಲ್ಲು, ಎಲ್ಲ ನಡೆಯುವುದು ಇದರ ಮೇಲೆಯೇ.

ವ್ಯಾಪಾರಿಗೆ 50 ಲಕ್ಷದ ಲಿಮಿಟ್ ಮಂಜೂರಾಗಿದೆ ಎನ್ನೋಣ. ಹಾಗೆಂದು ಅವನು ಯಾವತ್ತೂ 50 ಲಕ್ಷ ತೆಗೆಯಬಹುದು ಎಂದಲ್ಲ. ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಅದರ ಮೇಲೆ ಬ್ಯಾಂಕು ಡಿಪಿ, ಅಂದರೆ ಡ್ರಾಯಿಂಗ್ ಪವರ್, ಕಟ್ಟುತ್ತದೆ. ಲೆಕ್ಕ ಹೀಗೆ: ಕೋಲ್ಡ್ ಸ್ಟೋರೇಜಿನಲ್ಲಿ 350 ಕ್ವಿಂಟಲ್ ಮೆಣಸಿನಕಾಯಿ, ಕ್ವಿಂಟಲ್ಲಿಗೆ 20,000ದಂತೆ 70 ಲಕ್ಷದ ಮಾಲು. ಉದ್ರಿ ತಂದು ಇನ್ನೂ ಕೊಡದೆ ಉಳಿದದ್ದು 10 ಲಕ್ಷ. ಅದನ್ನು ಕಳೆದರೆ 60 ಲಕ್ಷ. ಮಾರ್ಜಿನ್, ಅಂದರೆ ವ್ಯಾಪಾರಿಯೇ ಹಾಕಬೇಕಾದ ಪಾಲು, ಶೇ. 25 ತೆಗೆದರೆ ಡಿಪಿ 45 ಲಕ್ಷ. ಅವನು ತೆಗೆದದ್ದು 42 ಲಕ್ಷ. ಎಲ್ಲ ನೆಟ್ಟಗಿದೆ.

ಈಗ ದರ 16,000ಕ್ಕೆ ಇಳಿಯಿತು. ಮಾಲು ಅಷ್ಟೇ ಇದೆ, ಒಂದು ಚೀಲವೂ ಕಡಿಮೆಯಾಗಿಲ್ಲ. ಆದರೆ ಬೆಲೆ 56 ಲಕ್ಷ, ಉದ್ರಿ ಕಳೆದು 46, ಮಾರ್ಜಿನ್ ಕಳೆದು ಡಿಪಿ 34.5 ಲಕ್ಷ. ತೆಗೆದದ್ದು 42. ರಾತ್ರಿ ಬೆಳಗಾಗುವುದರಲ್ಲಿ ಖಾತೆ ಏಳೂವರೆ ಲಕ್ಷ ಮೀರಿತು.

‘ಏಳೂವರೆ ಲಕ್ಷದ ಮಾಲು ಮಾರಿ ತುಂಬಿದರಾಯಿತು’ ಎಂದು ಎಲ್ಲರೂ ಎಣಿಸುವುದು ಇಲ್ಲಿಯೇ, ಎಡವುವುದೂ ಇಲ್ಲಿಯೇ. ಒಂದು ಲಕ್ಷದ ಮಾಲು ಮಾರಿ ಕಟ್ಟಿದರೆ ಸಾಲ ಒಂದು ಲಕ್ಷ ಇಳಿಯುತ್ತದೆ, ಸರಿ. ಆದರೆ ಮಾಲು ಕಡಿಮೆಯಾದದ್ದರಿಂದ ಡಿಪಿಯೂ 75 ಸಾವಿರ ಇಳಿಯುತ್ತದೆ. ನಿಜವಾಗಿ ತುಂಬಿದ ಕೊರತೆ 25 ಸಾವಿರ ಮಾತ್ರ. ಏಳೂವರೆ ಲಕ್ಷ ತುಂಬಲು 30 ಲಕ್ಷದ ಮಾಲು ಮಾರಬೇಕು, ಹತ್ತಿರ ಹತ್ತಿರ 188 ಕ್ವಿಂಟಲ್, ಅರ್ಧಕ್ಕಿಂತ ಹೆಚ್ಚು ದಾಸ್ತಾನು, ಅದೂ ಬಿದ್ದ ದರಕ್ಕೆ. ಒಬ್ಬನಾದರೆ ನಡೆದೀತು. ಒಂದೇ ಊರಿನಲ್ಲಿ ನೂರಾರು ವ್ಯಾಪಾರಿಗಳಿಗೆ ಒಂದೇ ವಾರ ಈ ಒತ್ತಡ ಬಂದರೆ ಎಲ್ಲರೂ ಮಾರಲು ಹೊರಡುತ್ತಾರೆ, ದರ ಇನ್ನೂ ಇಳಿಯುತ್ತದೆ, ಎಲ್ಲರ ಡಿಪಿ ಮತ್ತೆ ಕುಸಿಯುತ್ತದೆ. ಯಾವ ಮ್ಯಾನೇಜರನೂ ‘ಸಾಲ ಕಡಿಮೆ ಮಾಡು’ ಎಂದು ಆದೇಶಿಸಲಿಲ್ಲ. ಸಾಲ ತಾನಾಗಿ ಕಡಿಮೆಯಾಯಿತು.

ಮೀರಿದ ಖಾತೆ ಸತತ 90 ದಿನ ಮೀರಿಯೇ ಉಳಿದರೆ ಎನ್‌ಪಿಎ. ಸ್ಟಾಕ್ ಸ್ಟೇಟ್‌ಮೆಂಟ್ ಮೂರು ತಿಂಗಳಿಗಿಂತ ಹಳೆಯದಾದರೂ ಖಾತೆ ಅಕ್ರಮ ಎನಿಸಿಕೊಳ್ಳುತ್ತದೆ. ಆ ಸ್ಥಿತಿ 90 ದಿನ ಮುಂದುವರಿದರೆ ಮತ್ತೆ ಎನ್‌ಪಿಎ, ವ್ಯಾಪಾರ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ. ಅದೇ ಬ್ಯಾಂಕಿನಲ್ಲಿ ಅದೇ ಮನುಷ್ಯನ ಲಾರಿ ಸಾಲವಿದ್ದರೆ ಅದೂ ಇದರ ಜೊತೆಗೇ ಎನ್‌ಪಿಎ ಆಗುತ್ತದೆ, ಯಾಕೆಂದರೆ ವರ್ಗೀಕರಣ ಸಾಲಗಾರನಿಗೆ, ಖಾತೆಗಲ್ಲ. ಮರಳಿ ಒಳ್ಳೆಯ ಪಟ್ಟಿಗೆ ಬರಬೇಕಾದರೆ ಒಂದು ಕಂತು ಕಟ್ಟಿದರೆ ಸಾಲದು, ಬಾಕಿಯೆಲ್ಲ ಪೂರ್ತಿ ತೀರಬೇಕು.

ಮೆಣಸಿನಕಾಯಿ ದರ ಬೀಳಲು ಲೋಕದ ಹಣಕಾಸು ಬಿಕ್ಕಟ್ಟೇ ಬೇಕಿಲ್ಲ. 2024ರ ಮಾರ್ಚಿನಲ್ಲಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಜಿಲ್ಲೆ ಮರೆತಿಲ್ಲ. ಆದರೆ ಹಣಕಾಸು ಬಿಕ್ಕಟ್ಟಿನಲ್ಲಿ ಇದೇ ಲೆಕ್ಕ ಎಲ್ಲ ಅಡಮಾನಕ್ಕೂ ಒಟ್ಟಿಗೆ ಅನ್ವಯಿಸುತ್ತದೆ: ಮನೆ, ನಿವೇಶನ, ಷೇರು, ದಾಸ್ತಾನು. 2007–08ರಲ್ಲಿ ಅಮೆರಿಕದ ಮನೆಗಳಿಗೆ ಆದದ್ದು ಅದೇ.

ದುಡ್ಡಿನ ನಲ್ಲಿ ಎಲ್ಲಿ ಬತ್ತುತ್ತದೆ

ನಗದಿನ ಕೊರತೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದು ಹೆಚ್ಚು ಹೊಡೆಯುವುದು ಠೇವಣಿಯ ಬುಡವಿಲ್ಲದ ಸಂಸ್ಥೆಗಳಿಗೆ. 2018ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್‌ ಅಂಡ್ ಎಫ್‌ಎಸ್ ಸಮೂಹ ಸಾಲ ತೀರಿಸಲಾರದೆ ಸುಸ್ತಿಯಾಯಿತು. ಫೈನಾನ್ಸ್ ಕಂಪನಿಗಳು ಅಷ್ಟುಹೊತ್ತಿಗೆ ಒಂದು ರೂಢಿಗೆ ಬಿದ್ದಿದ್ದವು: ಮ್ಯೂಚುವಲ್ ಫಂಡುಗಳಿಂದ ಮೂರು ತಿಂಗಳ ಸಾಲದ ಕಾಗದದ ಮೇಲೆ ಹಣ ಎತ್ತಿ, ನಾಲ್ಕೈದು ವರ್ಷದ ಲಾರಿ, ಟ್ರ್ಯಾಕ್ಟರ್ ಸಾಲ, ಅದಕ್ಕೂ ದೀರ್ಘದ ಮನೆ ಸಾಲ ಕೊಡುವುದು. ಮೂರು ತಿಂಗಳಿಗೊಮ್ಮೆ ಕಾಗದ ನವೀಕರಣವಾಗುತ್ತಿರುವವರೆಗೆ ಸುಖ. ನವೀಕರಣ ನಿಂತಿತು. ಕೊಟ್ಟ ಸಾಲ ನಾಳೆಯೇ ವಾಪಸು ಬರುವುದಿಲ್ಲ, ತಂದ ಸಾಲ ನಾಳೆಯೇ ತೀರಿಸಬೇಕು. ಆಗ ಉಳಿಯುವ ದಾರಿ ಒಂದೇ, ಹೊಸ ಸಾಲ ನಿಲ್ಲಿಸಿ ಬಂದ ಕಂತನ್ನೆಲ್ಲ ಹಳೆ ಸಾಲಕ್ಕೆ ಕಟ್ಟುವುದು. ಹುಬ್ಬಳ್ಳಿಯಂಥ ಸಾರಿಗೆಯ ಊರಿನಲ್ಲಿ ಹಳೇ ಲಾರಿಗೆ ಸಾಲ ಕೊಡುವುದು ಬಹುತೇಕ ಇಂಥ ಫೈನಾನ್ಸುಗಳೇ ಆದ್ದರಿಂದ ಈ ಬತ್ತುವಿಕೆ ನೇರವಾಗಿ ತಟ್ಟುತ್ತದೆ.

ಇನ್ನೊಂದು ಸಂಗತಿ ಅಂಕಿಅಂಶ ನೋಡುವವರನ್ನು ದಾರಿ ತಪ್ಪಿಸುತ್ತದೆ. 2008ರ ಸೆಪ್ಟೆಂಬರ್ 15ಕ್ಕೆ ಅಲ್ಲಿನ ದೊಡ್ಡ ಹೂಡಿಕೆ ಬ್ಯಾಂಕಾದ ಲೇಮನ್ ಬ್ರದರ್ಸ್ ಮುಳುಗಿದ ಮೇಲೆ ಅಮೆರಿಕದ ಬ್ಯಾಂಕುಗಳ ಉದ್ಯಮ ಸಾಲದ ಬಾಕಿ ಏರಿತು! ಸಾಲ ಕುಗ್ಗಿಲ್ಲ ಎಂದು ಕೆಲವರು ವಾದಿಸಿದ್ದೂ ಉಂಟು. ನಿಜದಲ್ಲಿ ಕಂಪನಿಗಳು ಗಾಬರಿಯಾಗಿ, ಮೊದಲೇ ಮಂಜೂರಾಗಿ ಬಳಸದೇ ಇಟ್ಟಿದ್ದ ಲಿಮಿಟ್‌ಗಳನ್ನು ಒಮ್ಮೆಲೇ ಎಳೆದುಕೊಂಡಿದ್ದವು. ಅದೇ ವರ್ಷದ ಕೊನೆಯ ಮೂರು ತಿಂಗಳಲ್ಲಿ ದೊಡ್ಡ ಕಂಪನಿಗಳಿಗೆ ಸಿಕ್ಕ ಹೊಸ ಸಾಲ ಹಿಂದಿನ ಮೂರು ತಿಂಗಳಿಗಿಂತ ಶೇ. 47 ಇಳಿದಿತ್ತು, 2007ರ ಏಪ್ರಿಲ್–ಜೂನ್‌ನ ಉತ್ತುಂಗಕ್ಕೆ ಹೋಲಿಸಿದರೆ ಶೇ. 79. ಹಳೆಯ ಲಿಮಿಟ್ ಇದ್ದವನು ಎಳೆದುಕೊಂಡಷ್ಟೂ ಹೊಸದಾಗಿ ಕೇಳುವವನಿಗೆ ಉಳಿಯುವುದು ಕಡಿಮೆ.

ಬಡ್ಡಿ ಹೆಚ್ಚಿಸಿ ಕೊಡಬಾರದೇಕೆ

ಅಪಾಯ ಹೆಚ್ಚಿದೆ ಎಂದಾದರೆ ಶೇ. 11ರ ಬದಲು 18 ಕೇಳಲಿ, ಕೊಡಲಿ. ತರಕಾರಿ ಪೇಟೆಯಲ್ಲಿ ಹಾಗೇ ನಡೆಯುತ್ತದೆ, ಸಾಲದ ಪೇಟೆಯಲ್ಲಿ ನಡೆಯುವುದಿಲ್ಲ. ಶೇ. 18ಕ್ಕೂ ಮರುಮಾತಿಲ್ಲದೆ ಸಹಿ ಹಾಕುವವನು ಯಾರು? ಒಂದೋ ಭಾರಿ ಜೂಜಿಗೆ ಇಳಿದವನು, ಇಲ್ಲವೇ ತೀರಿಸುವ ಯೋಚನೆಯೇ ಇಲ್ಲದವನು. ಲೆಕ್ಕ ಹಾಕಿ ವ್ಯಾಪಾರ ಮಾಡುವವನು ಎದ್ದು ಹೋಗುತ್ತಾನೆ. ಬಡ್ಡಿ ಏರಿಸಿದಷ್ಟೂ ಉಳಿಯುವ ಗಿರಾಕಿ ಕೆಡುತ್ತಾ ಹೋಗುತ್ತಾನೆ. ಅದಕ್ಕೇ ಬ್ಯಾಂಕು ಬಡ್ಡಿ ಏರಿಸುವ ಬದಲು ‘ಆಗುವುದಿಲ್ಲ’ ಎನ್ನುತ್ತದೆ.

ಬಿಕ್ಕಟ್ಟಿನಲ್ಲಿ ಯಾರು ಗಟ್ಟಿ, ಯಾರು ಟೊಳ್ಳು ಎಂದು ಹೇಳುವುದೂ ಕಷ್ಟ. ಹಿಂದಿನ ಮೂರು ವರ್ಷದ ಬ್ಯಾಲೆನ್ಸ್ ಶೀಟು ಮುಂದಿನ ವರ್ಷದ ಬಗ್ಗೆ ಏನೂ ಹೇಳುವುದಿಲ್ಲ. ಜೊತೆಗೆ ನಮ್ಮ ಸರ್ಕಾರಿ ಬ್ಯಾಂಕುಗಳಲ್ಲಿ ಇನ್ನೊಂದು ಭಯ: ಕೊಟ್ಟ ಸಾಲ ಕೆಟ್ಟರೆ ಮಂಜೂರು ಮಾಡಿದವನ ಮೇಲೆ ಹೊಣೆಗಾರಿಕೆ ವಿಚಾರಣೆ, ಬಡ್ತಿಗೆ ಕುತ್ತು. ಕೊಡದೇ ಇದ್ದ ಸಾಲಕ್ಕೆ ಯಾವ ವಿಚಾರಣೆಯೂ ಇಲ್ಲ. ಹಾಗಾಗಿ ಶಾಖೆಯಲ್ಲೇ ಮುಗಿಯಬಹುದಾದ ಕಡತ ಪ್ರಾದೇಶಿಕ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ ಕೂರುತ್ತದೆ.

ಈ ಎಲ್ಲದರ ನಡುವೆ ಒಂದು ತಕರಾರು ಉಳಿಯುತ್ತದೆ: ಬ್ಯಾಂಕು ಕೊಡಲಿಲ್ಲವೋ, ಜನರೇ ಕೇಳಲಿಲ್ಲವೋ? ಆರ್ಡರೇ ಇಲ್ಲದ ಫೌಂಡ್ರಿ ಮಾಲೀಕ ಸಾಲ ತಂದು ಏನು ಮಾಡಿಯಾನು? ಹಳೆ ಸಾಲದ ಹೊರೆ ಹೊತ್ತವನು ಮೊದಲು ಅದನ್ನು ಇಳಿಸಿಕೊಳ್ಳಲು ನೋಡುತ್ತಾನೆ. ಇದು ನಿಜವಾದ ಕಾರಣ, ಬ್ಯಾಂಕಿನವರು ಇದನ್ನೇ ಮುಂದೆ ಮಾಡುತ್ತಾರೆ. ಎರಡನ್ನೂ ಬೇರ್ಪಡಿಸಲು ಅರ್ಥಶಾಸ್ತ್ರಜ್ಞರು ಕಂಡುಕೊಂಡ ಉಪಾಯ ಜಾಣತನದ್ದು: ಒಂದೇ ಕಂಪನಿ ಎರಡು ಬ್ಯಾಂಕುಗಳಲ್ಲಿ ಸಾಲ ಹೊಂದಿರುವ ಕಡೆ ನೋಡುವುದು. 1998ರ ಅಣುಪರೀಕ್ಷೆಯ ನಂತರ ಪಾಕಿಸ್ತಾನ ಡಾಲರ್ ಠೇವಣಿಗಳನ್ನು ತಡೆಹಿಡಿದಾಗ, ಡಾಲರ್ ಠೇವಣಿ ನೆಚ್ಚಿದ್ದ ಬ್ಯಾಂಕುಗಳು ಏಟು ತಿಂದವು, ಉಳಿದವು ಅಷ್ಟಾಗಿ ತಿನ್ನಲಿಲ್ಲ. ಕಂಪನಿ ಅದೇ, ಅದರ ಬೇಡಿಕೆಯೂ ಅದೇ, ಆದರೂ ಏಟು ತಿಂದ ಬ್ಯಾಂಕು ಹೆಚ್ಚು ಕಡಿತ ಮಾಡಿತ್ತು. ಬೇಡಿಕೆಯ ಕುಸಿತ ಒಂದೇ ಕಾರಣವಾಗಿದ್ದರೆ ಎರಡೂ ಕಡೆ ಒಂದೇ ಸಮ ಇಳಿಯಬೇಕಿತ್ತು. ಆ ಅಧ್ಯಯನದ ಇನ್ನೊಂದು ಭಾಗ ನಮಗೆ ಹೆಚ್ಚು ಮುಖ್ಯ. ದೊಡ್ಡ ಕಂಪನಿಗಳು ಬೇರೆ ಬ್ಯಾಂಕಿನಿಂದ ತಂದು ಕೊರತೆ ತುಂಬಿಕೊಂಡವು, ಚಿಕ್ಕವರಿಗೆ ಅದು ಆಗಲಿಲ್ಲ.

ಯಾವ ಮದ್ದು ಹತ್ತಿತು, ಯಾವುದು ಹತ್ತಲಿಲ್ಲ

2008ರ ಅಕ್ಟೋಬರಿನಿಂದ 2009ರ ಏಪ್ರಿಲ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ. 9ರಿಂದ 4.75ಕ್ಕೆ ತಂದಿತು, ಬ್ಯಾಂಕುಗಳು ಠೇವಣಿಯಲ್ಲಿ ತನ್ನ ಬಳಿ ಇಡಬೇಕಾದ ನಗದು ಮೀಸಲನ್ನು 9ರಿಂದ 5ಕ್ಕೆ. ನಗದಿನ ಉಸಿರುಕಟ್ಟು ಬಿಟ್ಟಿತು. ಆದರೆ ಅಗ್ಗದ ಬಡ್ಡಿ ಸಾಲಗಾರನ ಖರ್ಚನ್ನು ಇಳಿಸುತ್ತದೆ ಅಷ್ಟೇ. ಬ್ಯಾಂಕಿನ ಬಂಡವಾಳವನ್ನೂ ತುಂಬುವುದಿಲ್ಲ, ಸಾಲ ಮುಳುಗುವ ಭಯವನ್ನೂ ಕಳೆಯುವುದಿಲ್ಲ.

ಎರಡನ್ನೂ ಒಟ್ಟಿಗೆ ಮುಟ್ಟಿದ್ದು 2020ರ ಮೇ ತಿಂಗಳ ತುರ್ತು ಸಾಲ ಖಾತರಿ ಯೋಜನೆ. 2020ರ ಫೆಬ್ರುವರಿ 29ರ ಬಾಕಿಯ ಶೇ. 20ರಷ್ಟು ಹೆಚ್ಚುವರಿ ಸಾಲ, ನಾಲ್ಕು ವರ್ಷದ ಅವಧಿ, ಮೊದಲ ವರ್ಷ ಅಸಲು ಕಟ್ಟಬೇಕಿಲ್ಲ, ಬ್ಯಾಂಕುಗಳಿಗೆ ಬಡ್ಡಿಯ ಮಿತಿ ಶೇ. 9.25. ಮುಖ್ಯವಾದದ್ದು: ನೂರಕ್ಕೆ ನೂರು ಸರ್ಕಾರದ ಖಾತರಿ, ಹಾಗಾಗಿ ತೂಕ ಸೊನ್ನೆ. ಅಂದರೆ ಸಣ್ಣ ಉದ್ಯಮಿಯ ಸಾಲ ಬ್ಯಾಂಕಿನ ಪುಸ್ತಕದಲ್ಲಿ ಸರ್ಕಾರಿ ಬಾಂಡಿನಂತೆ ಕಾಣುವಂತಾಯಿತು. ರಿವರ್ಸ್ ರೆಪೊ ಬಡ್ಡಿ ಎಷ್ಟು ಇಳಿಸಿದರೂ ಅಲುಗದ ದುಡ್ಡು ಆಗ ಅಲುಗಿತು, ಶಾಖೆಯವರೇ ಫೋನ್ ಮಾಡಿ ಕರೆದು ಕೊಡುವಷ್ಟು.

ತಪ್ಪು ಮದ್ದೂ ಒಂದಿದೆ, ಅದು ಮೊದಲಿಗೆ ಸಿಹಿಯಾಗಿರುತ್ತದೆ. 1990ರ ದಶಕದ ಜಪಾನಿನಲ್ಲಿ ಬ್ಯಾಂಕುಗಳು ನಷ್ಟ ಒಪ್ಪಿಕೊಳ್ಳುವ ಬದಲು, ಮುಳುಗಿದ ಕಂಪನಿಗಳಿಗೇ ಬಡ್ಡಿ ಕಟ್ಟಲು ಮತ್ತೆ ಸಾಲ ಕೊಡುತ್ತಾ ಹೋದವು. ಪುಸ್ತಕದಲ್ಲಿ ಎನ್‌ಪಿಎ ಇಲ್ಲ, ಸಾಲವೂ ಕುಗ್ಗಿಲ್ಲ. ಆದರೆ ಅದು ಹೋದದ್ದು ಬದುಕುವ ಕಂಪನಿಗಳಿಗಲ್ಲ. ನಮ್ಮಲ್ಲಿ 2008ರ ನಂತರ ಮರುಹೊಂದಾಣಿಕೆಯ ಹೆಸರಿನಲ್ಲಿ ಮುಂದೂಡಿದ ದೊಡ್ಡ ಸಾಲಗಳ ಬಿಲ್ಲು ಬಂದದ್ದೂ 2015ರ ಪರಿಶೀಲನೆಯಲ್ಲೇ.

ಸಹಕಾರಿಗಳ ಬಲ ಮತ್ತು ಬಲಹೀನತೆ

1905ರಲ್ಲಿ ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲೊಂದು ಹುಟ್ಟಿದ ಕಣಗಿನಹಾಳ ಗದಗ ಜಿಲ್ಲೆಯದ್ದು. ಯಾರ ಮಾತು ನಂಬಬಹುದು, ಯಾರ ಹೊಲ ಎಷ್ಟು ಬೆಳೆಯುತ್ತದೆ ಎಂಬುದು ಊರಿನ ಸಂಘಕ್ಕೆ ಗೊತ್ತು. ಬೆಂಗಳೂರಿನ ಸಾಲ ವಿಭಾಗಕ್ಕೆ ಗೊತ್ತಿಲ್ಲದ ಈ ಮಾಹಿತಿಯೇ ಬಿಕ್ಕಟ್ಟಿನಲ್ಲಿ ದೊಡ್ಡ ಆಸ್ತಿ. ಆದರೆ ಸಂಘದ ಸಾಲಗಾರರೆಲ್ಲ ಒಂದೇ ಮಳೆ, ಒಂದೇ ಪೇಟೆ ನೆಚ್ಚಿದವರು. ಮೆಣಸಿನಕಾಯಿ ಬಿದ್ದರೆ ಎಲ್ಲರೂ ಒಟ್ಟಿಗೆ ಬೀಳುತ್ತಾರೆ, ಸಂಘದ ಸಣ್ಣ ಬಂಡವಾಳ ಅದನ್ನು ತಡೆಯದು. ದೂರದ ಬಿಕ್ಕಟ್ಟಿಗೆ ಸಹಕಾರಿ ಗಟ್ಟಿ, ಊರಿನ ಬಿಕ್ಕಟ್ಟಿಗೆ ದೊಡ್ಡ ಬ್ಯಾಂಕು ಗಟ್ಟಿ. ಎರಡು ಕಡೆ ಖಾತೆ ಇಟ್ಟು ವಹಿವಾಟು ನಡೆಸುವ ಹಳೆಯ ವ್ಯಾಪಾರಿಗಳ ರೂಢಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ. ಎರಡನೆಯದನ್ನು ತೆರೆಯುವ ಮೊದಲು ಮೊದಲ ಬ್ಯಾಂಕಿನ ಒಪ್ಪಿಗೆ ಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಸಾಲ ಸಿಗದಾಗ ‘ಯಾಕಿಲ್ಲ’ ಎಂದು ಬಿಡಿಸಿ ಕೇಳಬೇಕು, ಕಾರಣಕ್ಕೆ ತಕ್ಕಂತೆ ದಾರಿ ಬೇರೆ. ಬ್ಯಾಂಕೇ ಬಂಡವಾಳವಿಲ್ಲದೆ ಕೈಕಟ್ಟಿ ಕೂತಿದ್ದರೆ ಅಲ್ಲಿ ಅಲೆದು ಚಪ್ಪಲಿ ಸವೆಸುವುದು ದಂಡ, ಗಟ್ಟಿ ಬ್ಯಾಂಕಿಗೆ ಹೋಗಬೇಕು. ಅಡಮಾನ ಸಾಲದೆಂದಾದರೆ ಸಣ್ಣ ಉದ್ಯಮಗಳ ಸಾಲಕ್ಕೆ ಜಾಮೀನು ನಿಲ್ಲುವ ನಿಧಿಯಾದ ಸಿಜಿಟಿಎಂಎಸ್‌ಇ ಖಾತರಿಯಡಿ ಕೇಳಬಹುದು. ಮಾಲು ನೋಂದಾಯಿತ ಗೋದಾಮಿನಲ್ಲಿದ್ದರೆ ವಿದ್ಯುನ್ಮಾನ ರಸೀದಿಯ ಮೇಲೆ ಪ್ರತ್ಯೇಕ ಸಾಲ ಎತ್ತಬಹುದು. ಡಿಪಿ ಕುಸಿದು ಖಾತೆ ಮೀರಿದ್ದರೆ 90 ದಿನ ಕಾಯುವಂತಿಲ್ಲ. 30 ದಿನಕ್ಕೆ, 60 ದಿನಕ್ಕೆ ಖಾತೆ ಎಚ್ಚರಿಕೆಯ ಪಟ್ಟಿಯಲ್ಲಿ ಒಂದೊಂದು ಮೆಟ್ಟಿಲು ಇಳಿಯುತ್ತದೆ. 25 ಕೋಟಿವರೆಗಿನ ಸಾಲದ ಸಣ್ಣ, ಮಧ್ಯಮ ಉದ್ಯಮಗಳಿಗೆ ಪುನಶ್ಚೇತನದ ಚೌಕಟ್ಟು 2016ರಿಂದ ಇದೆ. ಬ್ಯಾಂಕು ಕರೆಯಲಿ ಎಂದು ಕಾಯದೆ ಸಾಲಗಾರನೇ ಅರ್ಜಿ ಕೊಟ್ಟು ತನ್ನ ಪ್ರಕರಣವನ್ನು ಸಮಿತಿಯ ಮುಂದೆ ಇಡಿಸಬಹುದು. ಅರ್ಜಿಯ ಜೊತೆ ಅಂದಿನ ದರ ಹಾಕಿದ ತಾಜಾ ಸ್ಟಾಕ್ ಸ್ಟೇಟ್‌ಮೆಂಟ್, ಬರಬೇಕಾದ ಬಾಕಿಯ ಪಟ್ಟಿ, ಮುಂದಿನ ಆರು ತಿಂಗಳಲ್ಲಿ ಯಾವ ತಿಂಗಳು ಎಷ್ಟು ಹಣ ಬರುತ್ತದೆ ಎಂಬ ಲೆಕ್ಕ ಇರಲಿ. ಹಳೆಯ ದರ ಹಾಕಿ ಡಿಪಿ ಉಬ್ಬಿಸಿದ ಸ್ಟೇಟ್‌ಮೆಂಟ್ ಗೋದಾಮು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ, ಅಲ್ಲಿಂದ ಮುಂದೆ ಅದು ತೊಂದರೆಯಲ್ಲಿರುವ ಖಾತೆಯಲ್ಲ, ವಂಚನೆಯ ಕಡತ.